ಹನ್ನೆರಡನೆಯ ಹೆಸರು

ದೇವೀರಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಜಾವಳಿ ಪಕ್ಕದ ನಮ್ಮ ಎಸ್ಟೇಟಿನ ಲೈನ್‌ಮನೆಗಳಲ್ಲಿ, ಒಂದೇ ಸೂರಿನ ಹನ್ನೆರಡು ಕೋಣೆಗಳಲ್ಲಿ, ಅವಳ ಮಾತು ಮೀರುವವರಿರಲಿಲ್ಲ. ಸ್ವಂತ ಜಾಗ ಕೇಳೋಣವೆಂದು ಕಾಫಿ ಹಣ್ಣು ಕೊಯ್ಯುತ್ತಲೇ ಒಬ್ಬೊಬ್ಬರನ್ನು ಒಪ್ಪಿಸುತ್ತಿದ್ದಳು.

"ಗೋಡೆಗೊಂದು ಮೊಳೆ ಹೊಡಿಯೋಕೂ ಸಾಹುಕಾರ್ರನ್ನ ಕೇಳ್ಬೇಕಲ್ಲ ಮಾರಾಯ್ತಿ, ನಾಚ್ಕೆ ಆಗಲ್ವಾ ನಿಂಗೆ?" ಎಂದು ನನ್ನನ್ನೂ ಚುಚ್ಚಿದ್ದಳು. ನಾನು ನಾಲ್ಕನೇ ಕೋಣೆಯವಳು, ಮೊದಲಿನಿಂದಲೂ ಪುಕ್ಕಲಿ. ಕೆಲಸ ಹೋದರೆ ವಾರದೊಳಗೆ ಕೋಣೆಯನ್ನೂ ಬಿಡಬೇಕಿತ್ತು.

ಕಾಫಿ ರೇಟು ನೆಲಕಚ್ಚಿದ ವರ್ಷ ಅದು, ಎರಡು ಸಾವಿರದ ಒಂದು. ಊರಾಚೆಯ ಸರ್ಕಾರಿ ಜಾಗದಲ್ಲಿ ಮನೆಗೊಂದು ಸೈಟು ಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಹಾಕುವುದೆಂದಾಯಿತು. ರಜೆ ಚೀಟಿಯಿಂದ ಹಿಡಿದು ನೆಂಟರ ಕಾಗದದವರೆಗೆ ನಮಗೆಲ್ಲ ಬರೆದುಕೊಡುತ್ತಿದ್ದವರು ಎಸ್ಟೇಟಿನ ರೈಟರ್ ಶಾಂತವೀರಪ್ಪನವರು. ರೂಢಿ ಎಂಥದು ನೋಡಿ, ಈ ಅರ್ಜಿಯನ್ನೂ ಅವರ ಕೈಲೇ ಬರೆಸಿದೆವು. ಸಾಹುಕಾರರ ಸಂಬಳ ತಿನ್ನುವ ಮನುಷ್ಯನ ಕೈಲಿ! ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಏನು ಬರೆದರೂ ಕೆಳಗೊಂದು ಕಾರ್ಬನ್ ಹಾಳೆ ಇಡುವುದು ಅವರ ಅಭ್ಯಾಸ. ಅಂದೂ ಇಟ್ಟರು, ಎಲ್ಲರೂ ನೋಡುತ್ತಲೇ ಇದ್ದೆವು.

"ನನ್ನ ಹೆಸ್ರು ಕಡೇಲಿರ್ಲಿ ರೈಟ್ರೇ, ಮುಂದೆ ನಿಂತು ಮೆರೆಯೋದು ಬೇಡ" ಎಂದಳು ದೇವೀರಮ್ಮ. ಮರುದಿನ ತಾನೇ ಬಸ್ಸು ಹತ್ತಿ ಹೋಗಿ ಮೂಡಿಗೆರೆಯ ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದಳು.

ಮುಂದಿನ ಸೋಮವಾರ ಬೆಳಿಗ್ಗೆ ರೈಟರು ಹಾಜರಿ ಕೂಗುವಾಗ ತುಂಗಮ್ಮನ ಹೆಸರು ಬರಲಿಲ್ಲ, ಅಂದರೆ ಕೆಲಸ ಹೋಯಿತು. ಅರ್ಜಿಯಲ್ಲಿ ಮೊದಲನೆಯ ಹೆಸರು ಅವಳದು. ಅದರ ಮುಂದಿನ ಸೋಮವಾರ ಎರಡನೆಯ ಹೆಸರು ಬಿಟ್ಟುಹೋಯಿತು. ವಾರಕ್ಕೆ ಒಂದೇ ಮನೆ. ಯಾರೂ ಜೋರು ಮಾಡಲಿಲ್ಲ, ಬೈಯಲಿಲ್ಲ. ಖಾಲಿಯಾದ ಕೋಣೆಯ ಹೆಂಚು ಇಳಿಸುವ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಸೋಮವಾರ ಯಾವುದೆಂದು ನನಗೆ ಗೊತ್ತಿತ್ತು, ಅದೇ ದಿನ ಬಂತು.

ಹೊರಬಿದ್ದವರೆಲ್ಲ ಗೇಟಿನೆದುರು ರಸ್ತೆಬದಿ ಟಾರ್ಪಾಲು ಕಟ್ಟಿದೆವು. ದೇವೀರಮ್ಮ ದಿನಾ ಸಂಜೆ ಗಂಜಿ ಹೊತ್ತು ತರುತ್ತಿದ್ದಳು. "ನನ್ನ ಸೋಮವಾರನೂ ಬರ್ತದೆ. ಹನ್ನೆರಡು ಮನೆಯೋರೂ ಒಟ್ಟಿಗೆ ಹೋಗಿ ತಾಲ್ಲೂಕು ಆಫೀಸಿನ ಮುಂದೆ ಕೂರೋಣ" ಎನ್ನುತ್ತಿದ್ದಳು. ಆ ಮಾತೊಂದೇ ನಮಗಿದ್ದ ಧೈರ್ಯ.

ಹನ್ನೆರಡನೆಯ ಸೋಮವಾರ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತೆವು. ರೈಟರು ಪುಸ್ತಕ ಬಿಡಿಸಿ, ನಮ್ಮ ಕಡೆ ಒಮ್ಮೆ ನೋಡಿ, ರಸ್ತೆಗೆ ಕೇಳುವಂತೆ ಕೂಗಿದರು.

"ದೇವೀರಮ್ಮ!"

ಅವಳು ಓಗೊಡಲಿಲ್ಲ. ಅವರು ಇನ್ನೊಮ್ಮೆ ಕೂಗಿದರು. ಅವಳು ಬುಟ್ಟಿ ಅಲ್ಲೇ ಇಟ್ಟು ಗೇಟು ದಾಟಿ ನಮ್ಮ ಹತ್ತಿರ ಬಂದಳು. ಯಾರೂ ಜರುಗಿ ಜಾಗ ಕೊಡಲಿಲ್ಲ. ಹೆಸರು ಕೊನೆಗೆ ಹಾಕಿಸಿಕೊಂಡಿದ್ದು ತಾನೊಬ್ಬಳು ಉಳಿದುಕೊಳ್ಳಲಿಕ್ಕೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ಬಾಯಿ ಬಿಟ್ಟವಳು ಮಾತ್ರ ನಾನು, ಆ ಪುಕ್ಕಲಿ.

"ಹೋಗಕ್ಕ, ಕರೀತಿದಾರಲ್ಲ ನಿನ್ನ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಗೋಣಿಬೀಡಿನ ರಸ್ತೆ ಹಿಡಿದು ನಡೆದುಬಿಟ್ಟಳು.

ಐದು ವರ್ಷದ ಮೇಲೆ ಸೈಟು ಸಿಕ್ಕಿತು, ಅವಳು ಕೊಟ್ಟುಬಂದಿದ್ದ ಅದೇ ಅರ್ಜಿಯ ಮೇಲೆ. ಹಕ್ಕುಪತ್ರ ಹಂಚುವಾಗ ಹನ್ನೆರಡನೆಯ ಹೆಸರನ್ನು ಮೂರು ಸಲ ಕೂಗಿದರು. ಆಮೇಲೆ ಅಧಿಕಾರಿ ತಲೆಯೆತ್ತಿ, ಈಕೆ ಎಲ್ಲಿ ಎಂದು ನಮ್ಮನ್ನು ಕೇಳಿದರು.