ಸೋಪು ಕಂಡ ಮರಿ

ನಮ್ಮ ಭಾವ ಹಾಲಪ್ಪನವರು ಜಗತ್ತನ್ನೆಲ್ಲ ಮೂಗಿನಿಂದಲೇ ಅಳೆಯುತ್ತಿದ್ದರು. ನೀರಿನ ಲೋಟ ಕೊಟ್ಟರೆ ಮೊದಲು ಮೂಸುವುದು, ಆಮೇಲೆ "ಥೂ" ಅನ್ನುವುದು, ಕೊನೆಗೆ ತಾವೇ ಎದ್ದು ತೊಳೆದುಕೊಂಡು ಬರುವುದು. ದಾವಣಗೆರೆಯಲ್ಲಿದ್ದೂ ಮಂಡಕ್ಕಿ ಮುಟ್ಟದ ಮನುಷ್ಯ ಅವರೊಬ್ಬರೇ ಇರಬೇಕು. "ಭಟ್ಟಿಯಾಗ ಹುರಿಯೋರ ಬೆವರೇ ಅದಕ್ಕ ಉಪ್ಪು" ಎಂದುಬಿಡುತ್ತಿದ್ದರು. ತಿನ್ನುತ್ತಿದ್ದ ನಮ್ಮ ಕೈಯೂ ನಿಲ್ಲುತ್ತಿತ್ತು.

ಇಂಥವರಿಗೆ ನಮ್ಮ ಅಕ್ಕ ನಾಗಮ್ಮನನ್ನು ಕೊಟ್ಟಾಗ, ಅಪ್ಪ ಹರಿಹರದಿಂದ ಬಳುವಳಿಯಾಗಿ ಒಂದು ಹೆಣ್ಣು ಕುರಿಯನ್ನೂ ಕಳಿಸಿದ. ಸಾವಿರದ ಒಂಬೈನೂರ ಅರವತ್ತರ ಆಸುಪಾಸು, ದಾವಣಗೆರೆಯಂಚಿನಲ್ಲಿ ಭಾವನ ಮನೆಯಿದ್ದ ನಿಟ್ಟುವಳ್ಳಿ ಇನ್ನೂ ಹಳ್ಳಿಯೇ. ಹತ್ತಿ ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದು, ಮಿಂದು, ಇಸ್ತ್ರಿ ಅಂಗಿ ತೊಟ್ಟ ಭಾವ ಹಿಕ್ಕೆ ತುಳಿಯದಂತೆ ಅಂಗಳ ದಾಟುವುದೇ ಒಂದು ಕುಣಿತ. ಕುರಿಯ ಚೊಚ್ಚಲ ಮರಿ ಹುಟ್ಟುತ್ತಲೇ ಸತ್ತಿತ್ತು. ತವರಿನ ಕುರಿಯ ಪೀಳಿಗೆ ತನ್ನ ಅಂಗಳದಲ್ಲಿ ಉಳಿಯಲಿಲ್ಲವೆಂದು ಅಕ್ಕ ಅತ್ತು ಸೊರಗಿದ್ದಳು.

ಮರುವರ್ಷದ ಚಳಿಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಅಕ್ಕನೂ ನಾನೂ ಬಾವಿಯಿಂದ ನೀರು ಹೊತ್ತು ಬರುವಷ್ಟರಲ್ಲಿ ಕುರಿ ಈದಿತ್ತು. ಭಾವ ಮರಿಯನ್ನು ಬಚ್ಚಲಿಗೊಯ್ದು, ಸೋಪು ಹಚ್ಚಿ ತೊಳೆದು, ಮೇಲೆ ಪೌಡರನ್ನೂ ಬಳಿದು ತಾಯಿಯ ಮುಂದೆ ಇಟ್ಟಿದ್ದರು.

"ಮೈತುಂಬ ಲೋಳಿ. ಥೂ, ನೋಡಾಕಾಗ್ಲಿಲ್ಲ. ಈಗ ನೋಡ್ರಿ, ಹೆಂಗೈತೆ!"

ಕುರಿ ಮೂಸಿತು, ಸೀನಿತು, ಮರಿಯನ್ನು ಗುದ್ದಿ ಬೀಳಿಸಿತು. ಮರಿ ನಡುಗುತ್ತಿತ್ತು. ಅಕ್ಕ ಅದರ ಬಾಯಲ್ಲಿ ಬೆರಳಿಟ್ಟು ನೋಡಿದಳು, ತಣ್ಣಗಿತ್ತು.

"ವಾಸ್ನಿ ತೊಳ್ದು ಹಾಕೀರಲ್ರಿ! ತಾಯಿ ನೆಕ್ಕಿದ್ರೇ ಅದಕ್ಕ ಉಸ್ರು, ಮೈ ಬಿಸಿ. ಗಿಣ್ಣದ ಹಾಲು ಹೊಟ್ಟೆಗೆ ಬೀಳ್ಲಿಲ್ಲಾಂದ್ರೆ ಇದೂ ಹೋಗ್ತೈತೆ."

ಕುರಿಯ ಹಿಂದೆ ಮಾಸು ಇನ್ನೂ ಜೋತಾಡುತ್ತಿತ್ತು; ಅದರ ಲೋಳೆ ಬಳಿದರೆ ತಾಯಿ ಗುರುತು ಹಿಡಿದೀತು. ಅಕ್ಕ ಕುರಿಯನ್ನು ಅದುಮಿ ಹಿಡಿದಳು.

"ತೊಳ್ದೋರೇ ಹಚ್ರಿ."

"ಕೋಲಿನಾಗ ಹಚ್ಲೇನು?"

"ಕೈಯಾಗ!"

ಭಾವ ಕಣ್ಣು ಮುಚ್ಚಿ ಕೈ ಹಾಕಿದರು. ಬೆರಳ ಸಂದಿಯಿಂದ ರಕ್ತ ಬೆರೆತ ಲೋಳೆ ಜಿನುಗಿ ಮೊಣಕೈಗಿಳಿಯಿತು. ಬಳಿದರು, ಓಕರಿಸಿದರು, ಗೋಡೆಯ ಮಗ್ಗುಲಿಗೆ ಹೋಗಿ ವಾಂತಿ ಮಾಡಿ ಬಂದು ಮತ್ತೆ ಬಳಿದರು. ಆಮೇಲೆ ಯಾರೂ ಹೇಳದೆಯೇ ಆ ಗಬ್ಬು ಮುದ್ದೆಯನ್ನು ಅಂಗಿಯೊಳಗೆ ಎದೆಗವಚಿಕೊಂಡು ಕೂತರು. ಅಕ್ಕ ಗಿಣ್ಣದ ಹಾಲು ಹಿಂಡಿ ಮರಿಯ ಬಾಯಿಗೆ ಬಿಟ್ಟಳು. ಮೈ ಬಿಸಿಯಾದ ಮರಿ ತನ್ನ ಮೊದಲ ಹಿಕ್ಕೆಯನ್ನು ಡಾಂಬರಿನಂತೆ ಅವರ ಎದೆಯ ಮೇಲೆಯೇ ಬಿಟ್ಟಿತು. ಕುರಿ ಹತ್ತಿರ ಬಂತು; ಮರಿಯನ್ನು ನೆಕ್ಕಿತು, ಹಾಗೆಯೇ ಭಾವನ ಕೈಯನ್ನೂ.

"ಥೂ, ಬಿಡೇ!" ಎಂದರೇ ಹೊರತು ಕೈ ಎಳೆದುಕೊಳ್ಳಲಿಲ್ಲ.

ಮರಿ ಉಳಿಯಿತು. ಆ ಕುರಿ ಬದುಕಿರುವವರೆಗೂ ಭಾವ ಗಿರಣಿಯಿಂದ ಬಂದರೆ ಅಂಗಳದಲ್ಲೇ ಅಡ್ಡಗಟ್ಟಿ ಕೈ ನೆಕ್ಕುತ್ತಿತ್ತು. ಅವರು ಥೂ ಥೂ ಎನ್ನುತ್ತ ಬಚ್ಚಲಿಗೆ ಓಡುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಸಿಗೆ ಹಿಡಿದಾಗ. ಗಿರಣಿಯ ಧೂಳು ಎದೆಯಲ್ಲಿ ಕೂತಿತ್ತು. ಅಕ್ಕ ಮೈ ಒರೆಸಲು ಬಿಸಿನೀರು ತಂದಳು.

"ಇವತ್ತು ಬ್ಯಾಡ್ಲೇ. ವಾಸ್ನಿ ಹೋದ್ರೆ ನೀನೂ ಗುದ್ದೀಯ."

"ಥೂ ನಿಮ್ಮ!" ಎಂದು ಅಕ್ಕ ನಕ್ಕಳು.

ಅವರು ಹೋದ ಮೇಲೆ ಮನೆಯ ಬಟ್ಟೆಯನ್ನೆಲ್ಲ ಒಗೆಯಲು ಒಟ್ಟುಮಾಡುತ್ತಿದ್ದೆ. ಗೂಟದಲ್ಲಿದ್ದ ಅವರ ಅಂಗಿಗೆ ಕೈ ಹಾಕಿದಾಗ ಅಕ್ಕ ತಡೆದಳು.

"ಅದೊಂದು ಇರ್ಲಿ."