ಬಸ್ಸಿನ ಮೆಟ್ಟಿಲ ಮೇಲೆ ಹಿಮ್ಮಡಿಯ ವ್ಯಾಯಾಮ

ನಾನು ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಚಾಮುಂಡಿ ಬೆಟ್ಟದ ಬಸ್ಸಿಗೆ ಹಾಕಿದ ಮೇಲೆ ನಾನು ಕೂತದ್ದು ಕಡಿಮೆ. ತಿರುವುಗಳಲ್ಲಿ ಬೀಳದಂತೆ ಕಾಲೂರಿ ನಿಂತು, ಟಿಕೆಟ್ ಕೊಡುತ್ತ ಹಿಂದಕ್ಕೂ ಮುಂದಕ್ಕೂ ಓಡಾಡುವುದೇ ಕೆಲಸ. ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದು ಬಲಗಾಲು ನೆಲಕ್ಕಿಟ್ಟರೆ, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಸ್ವಲ್ಪ ಓಡಾಡಿದ ಮೇಲೆ ನೋವು ಕಡಿಮೆಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟೆ, ಎಣ್ಣೆ ತಿಕ್ಕಿದೆ, ಮೆತ್ತನೆಯ ಚಪ್ಪಲಿ ಕೊಂಡೆ. ನೋವು ಯಾವುದಕ್ಕೂ ಬಗ್ಗದಿದ್ದಾಗ ಆಸ್ಪತ್ರೆಗೆ ಹೋದೆ. ಮೂಳೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ನನ್ನ ಪಾದ ಹಿಡಿದು ಮೇಲಕ್ಕೆ ಬಗ್ಗಿಸಲು ನೋಡಿದಳು. ಅದು ಅಲ್ಲಾಡಲೇ ಇಲ್ಲ.

"ಅಕ್ಕಾ, ಮೀನಖಂಡ ಕಲ್ಲಾಗಿದೆ. ಅದು ಮೇಲಿಂದ ಎಳೀತಾ ಇದ್ರೆ ಹಿಮ್ಮಡಿ ಏನ್ ಮಾಡುತ್ತೆ, ನೋಯುತ್ತೆ" ಎಂದಳು.

ಏಳುವ ಮೊದಲೇ ಪಾದಕ್ಕೆ ಟವೆಲ್ ಸುತ್ತಿ ನಿಧಾನವಾಗಿ ಎಳೆದುಕೊಳ್ಳುವುದು, ಮೆಟ್ಟಿಲ ಅಂಚಿನಲ್ಲಿ ಕಾಲ್ಬೆರಳೂರಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು, ಕೂತಲ್ಲೇ ಪಾದವನ್ನು ಸುತ್ತಲೂ ತಿರುಗಿಸುವುದು, ಇಷ್ಟನ್ನು ಮಾಡಿ ತೋರಿಸಿದಳು. "ಜೋರಾಗಿ ಎಳೀಬೇಡಿ. ಆದ್ರೆ ದಿನಾ ಮಾಡಿ" ಎಂದಳು.

ಮೂರು ದಿನ ಮಾಡಿದೆ. ನೋವು ಹಾಗೇ ಇತ್ತು, ಬಿಟ್ಟುಬಿಟ್ಟೆ. ಆಮೇಲೆ ಬೆಟ್ಟಕ್ಕೆ ಜನ ಮುಗಿಬೀಳುವ ಆಷಾಢ ಶುಕ್ರವಾರ ಬಂತು. ಬೆಳಗಿನಿಂದ ಸಂಜೆಯವರೆಗೆ ಉಸಿರಾಡಲು ಜಾಗವಿಲ್ಲದ ಬಸ್ಸಿನಲ್ಲಿ ನಿಂತಿದ್ದೆ. ಮರುದಿನ ಡ್ಯೂಟಿಗೆ ಕುಂಟುತ್ತ ಬಂದ ನನ್ನನ್ನು ನಮ್ಮ ಡ್ರೈವರ್ ಅಣ್ಣ ನೋಡಿದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮಾತು ಸ್ವಲ್ಪ ಒರಟು.

"ಆಸ್ಪತ್ರೇಲಿ ಹೇಳ್ಕೊಟ್ಟಿದ್ದು ಮಾಡ್ತಿದ್ದೀಯೇನಮ್ಮ?"

"ಟೈಮೆಲ್ಲಿ ಅಣ್ಣ ಸಿಗುತ್ತೆ?"

"ಬೆಟ್ಟದ ಮೇಲೆ ಬಸ್ ನಿಲ್ಸಿದಾಗ ಏನ್ ಮಾಡ್ತೀಯ? ಮೊಬೈಲ್ ನೋಡ್ತೀಯ. ಮೆಟ್ಲು ಬೇಕು ತಾನೇ? ಬಸ್ಸಿಗೆ ಮೆಟ್ಲಿಲ್ವಾ?"

ಅವತ್ತೇ ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ಒಳಗೆ ಮುಖ ಮಾಡಿ ನಿಂತು, ಕಂಬಿ ಹಿಡಿದು, ಹಿಮ್ಮಡಿ ಕೆಳಗಿಳಿಸಿದೆ. ಮೀನಖಂಡ ಹಗ್ಗದಂತೆ ಬಿಗಿದುಕೊಂಡಿತು. ಹತ್ತಲು ಬಂದ ಹೆಂಗಸರು "ಇದೇನ್ ಕಂಡಕ್ಟ್ರಮ್ಮ, ಬಸ್ಸಲ್ಲೇ ಯೋಗಾನಾ?" ಎಂದು ನಕ್ಕರು. ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಒಂದು ವಾರದ ಮೇಲೆ ಡ್ರೈವರ್ ಅಣ್ಣ ತಾವೂ ಇಳಿದು ಬಂದರು. ಕ್ಲಚ್ ಒತ್ತಿ ಒತ್ತಿ ಅವರ ಎಡಗಾಲಿನ ಗಿಣ್ಣು ತಿರುಗುವುದನ್ನೇ ಮರೆತಿತ್ತು.

"ಅಯ್ಯಯ್ಯೋ, ಪ್ರಾಣ ಹೋಗ್ಬುಡ್ತು ಕಣಮ್ಮ!" ಎಂದು ಕಂಬಿ ಹಿಡಿದುಕೊಂಡರು.

"ಜೋರಾಗಿ ಮಾಡ್ಬೇಡಿ ಅಣ್ಣ, ಮೆಲ್ಲಗೆ" ಎಂದೆ, ದೊಡ್ಡ ಮೇಷ್ಟ್ರ ಹಾಗೆ.

ಮುಂದಿನ ಬಾಗಿಲಲ್ಲಿ ಅವರು, ಹಿಂದಿನ ಬಾಗಿಲಲ್ಲಿ ನಾನು. ಪ್ರತಿ ಟ್ರಿಪ್ಪಿಗೂ ಒಂದೆರಡು ನಿಮಿಷ. ನೋವು ಯಾವಾಗ ಹೋಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಬೆಳಿಗ್ಗೆ ಹಾಲು ಕಾಯಿಸಿ, ಕಾಫಿ ಸೋಸಿ, ಲೋಟ ಕೈಯಲ್ಲಿ ಹಿಡಿದು ನಿಂತಾಗ, ಇವತ್ತು ಗೋಡೆ ಮುಟ್ಟಲೇ ಇಲ್ಲವಲ್ಲ ಎಂದು ಹೊಳೆಯಿತು. ಕಾಫಿ ಕುಡಿಯುವುದು ಬಿಟ್ಟು, ಸುಮ್ಮನೆ ಹಜಾರದ ಆ ತುದಿಯಿಂದ ಈ ತುದಿಗೆ ಎರಡು ಸಲ ಬರಿಗಾಲಲ್ಲಿ ನಡೆದು ನೋಡಿದೆ.

ನಡುವೆ ನೆಂಟರ ಮದುವೆಯ ಗಡಿಬಿಡಿಯಲ್ಲಿ ಹತ್ತು ದಿನ ಎಲ್ಲ ಬಿಟ್ಟೆ. ಹಿಮ್ಮಡಿ ಮತ್ತೆ ಚುಚ್ಚತೊಡಗಿತು. ಹಲ್ಲುಜ್ಜುವ ಹಾಗೆ ಇದೂ ದಿನದ ಕೆಲಸವೆಂದು ಆಗ ಒಪ್ಪಿಕೊಂಡೆ. ಡ್ರೈವರ್ ಅಣ್ಣನೂ ಈಗ ಸೀಟಿನಿಂದ ಇಳಿಯುವಾಗ ಎಡಗಾಲನ್ನು ಕೈಯಲ್ಲಿ ಎತ್ತಿಡುವುದಿಲ್ಲ.

ಹೋದ ತಿಂಗಳು ವಾರದ ರಜೆಯಲ್ಲಿ ಮಗಳ ಜೊತೆ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಿದೆ. ಅಷ್ಟು ವರ್ಷ ದಿನಕ್ಕೆ ಹಲವು ಸಲ ಬೆಟ್ಟಕ್ಕೆ ಹೋಗಿಬಂದವಳು ನಾನು, ನಡೆದು ಹತ್ತಿದ್ದು ಅದೇ ಮೊದಲು. ದಾರಿಯಲ್ಲಿರುವ ದೊಡ್ಡ ನಂದಿಯ ಹತ್ತಿರ ಕೂತು ಸೌತೆಕಾಯಿ ತಿಂದೆವು. "ಕಾಲು ನೋಯ್ತಾ ಇದೆಯೇನಮ್ಮ?" ಎಂದು ಮಗಳು ಕೇಳಿದಳು. ದಣಿದಿತ್ತು, ಅಷ್ಟೇ. ಸ್ವಲ್ಪ ಹೊತ್ತು ಕೂತಿದ್ದು, ಉಳಿದ ಮೆಟ್ಟಿಲು ಹತ್ತಿದೆವು.