ಮಂಡೋದರಿಯ ಒದ್ದೆ ಬಟ್ಟೆ

ಬಿಳಿಚೋಡಿನ ದುರ್ಗಾಂಬಿಕಾ ಎಣ್ಣೆ ಬಣ್ಣವನ್ನು ಮೆಚ್ಚಿದ್ದು ಅದು ಬೇಗ ಒಣಗುವುದಿಲ್ಲ ಎಂಬ ಕಾರಣಕ್ಕೆ. ಕುಂಚ ಇಟ್ಟು ಹೋಗಿ ರೊಟ್ಟಿ ತಟ್ಟಿ, ಎಮ್ಮೆಗೆ ಮೇವು ಹಾಕಿ, ಬಟ್ಟೆ ಹಿಂಡಿ ಬಂದರೂ ಬಣ್ಣ ಹಸಿಯಾಗಿಯೇ ಇರುತ್ತಿತ್ತು. ಆ ಮನೆಯಲ್ಲಿ ಅವಳಿಗಾಗಿ ಕಾದಿರುತ್ತಿದ್ದುದು ಅದೊಂದೇ.

ಈ ಸಲ ಬರೆಯುತ್ತಿದ್ದುದು ರಣರಂಗದಲ್ಲಿ ಸತ್ತು ಬಿದ್ದ ರಾವಣನನ್ನು, ಅವನ ಬಳಿ ಗೋಳಾಡುವ ಮಂಡೋದರಿಯನ್ನು. ಜಗಳೂರಿನ ಡ್ರಾಯಿಂಗ್ ಮೇಷ್ಟ್ರು ಓಬಳೇಶ್ ಒಪ್ಪಿದರೆ ಅದು ದಾವಣಗೆರೆಯ ಚಿತ್ರಪ್ರದರ್ಶನಕ್ಕೆ ಹೋಗುತ್ತಿತ್ತು. ಅವಳಿಗೆ ನಲವತ್ತೆರಡು ವರ್ಷ. ಅವಳ ಒಂದು ಚಿತ್ರವೂ ಊರು ದಾಟಿರಲಿಲ್ಲ.

ರಾವಣನಿಗೆ ಮಾದರಿ ಗಂಡ ಜಂಪಣ್ಣ. ಪಡಸಾಲೆಯ ಚಾಪೆಯ ಮೇಲೆ ಅವನನ್ನು ಹತ್ತು ಥರ ಮಲಗಿಸಿ ಹತ್ತು ತಲೆ ಬರೆದಳು.

“ಹತ್ತು ತಲೆಗೂ ನಾನೇ. ಒಂದು ಬಾಯಿಗಾದ್ರೂ ಚಾ ಕೊಡೇ.”

“ರಾವಣ ಸತ್ತಾನೆ ರೀ. ಸುಮ್ನೆ ಬಿದ್ಕಳ್ರಿ.”

“ರಾವಣನಾದ್ರೂ ನನ್ನ ಮಗನಿಗೆ ಮಲಗಿದಲ್ಲೇ ಚಾ ಬೇಕು,” ಎಂದಳು ಕಡಲೆ ಕೇರುತ್ತಿದ್ದ ಅತ್ತೆ ಚೌಡಕ್ಕ.

ಓಬಳೇಶ್ ಬಂದು ನೋಡಿದರು. ನಟ್ಟನಡುವೆ ಮಂಡೋದರಿ, ಕೆದರಿದ ಕೂದಲು, ಎದೆ ಬಡಿದುಕೊಳ್ಳುವ ಕೈ, ಮುತ್ತಿನಂಥ ಕಣ್ಣೀರು. ಮೇಲಿಂದ ಕೆಳಗಿನವರೆಗೆ ಒಂದೇ ಬೆಳಕು.

“ಕಣ್ಣೀರೇನೋ ಬೇಕಾದಷ್ಟು ಐತಮ್ಮ. ದುಃಖ ಎಲ್ಲೈತೆ? ಇಪ್ಪತ್ತು ದಿನ ಬಿಟ್ಟು ಬರ್ತೀನಿ, ನೋಡು.”

ಅವತ್ತು ದುರ್ಗಾಂಬಿಕಾ ಪಾತ್ರೆಗಳನ್ನು ತುಸು ಜೋರಾಗಿಯೇ ಉಜ್ಜಿದಳು. ಚೌಡಕ್ಕ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಲ್ಲವ್ವಾ, ಹತ್ತು ಮುಖಕ್ಕೂ ಮಣ್ಣು ಮೆತ್ತಿರ್ತೈತೆ. ಒರೆಸೋರು ಯಾರು? ನಿನ್ನ ಮಾವ ಹೋದಾಗ ನನಗೆ ಅಳಾಕೆ ಪುರುಸೊತ್ತೆಲ್ಲಿತ್ತು? ನೀರು ಕಾಸಿದೆ, ಮೈ ಒರೆಸಿದೆ, ಬಂದೋರಿಗೆ ಹಾಸಿದೆ. ಮೂರನೇ ದಿನ ಕೊನೇ ಚೆಂಬು ಬೆಳಗಿ ಬೋರಲು ಹಾಕಿದೆ ನೋಡು, ಆವಾಗ ಬಂತು ಅಳು.”

ಬಣ್ಣ ಇನ್ನೂ ಹಸಿಯಾಗಿತ್ತು. ದುರ್ಗಾಂಬಿಕಾ ರೊಟ್ಟಿ ಮಗುಚುವ ಮೊಗಚೆಕೈಯಿಂದ ಮಂಡೋದರಿಯನ್ನು ಪೂರ್ತಿ ಕೆರೆದು, ಚಿತ್ರದ ಒಂದು ಅಂಚಿನಲ್ಲಿ ಹೊಸದಾಗಿ ಕೂರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಕೈಯಲ್ಲಿ ಒದ್ದೆ ಬಟ್ಟೆ. ಕಣ್ಣೀರಿಲ್ಲ. ಒರೆಸಿ ಮುಗಿದ ಒಂಬತ್ತು ಮುಖಗಳಿಗೆ ತೆಳುವಾಗಿ, ನುಣ್ಣಗೆ ಬಣ್ಣ ಹಚ್ಚಿ, ಸಂಜೆಯ ಓರೆ ಬೆಳಕನ್ನು ಅವುಗಳ ಮೇಲಷ್ಟೇ ಬೀಳಿಸಿದಳು. ಹತ್ತನೆಯದು ನೆರಳಿನಲ್ಲಿ. ಅದಕ್ಕೆ ಹೊಲದ ಮಣ್ಣನ್ನು ಜರಡಿ ಹಿಡಿದು ಬಣ್ಣಕ್ಕೆ ಕಲಸಿ, ಬೆರಳಿಗೆ ಒರಟಾಗಿ ತಾಗುವಷ್ಟು ದಪ್ಪ ಮೆತ್ತಿದಳು. ಬಟ್ಟೆ ಹಿಡಿದ ಕೈ ಆ ಮುಖದ ಹತ್ತಿರ ಬಂದು ನಿಂತಿದೆ. ನಡುವೆ ಒಂದು ಗೇಣು ಖಾಲಿ ಜಾಗ.

ಮತ್ತೆ ಬಂದ ಓಬಳೇಶ್ ಬಹಳ ಹೊತ್ತು ನೋಡಿದರು.

“ಎಲ್ಲಾ ಸರಿ, ಈ ಒಂದು ಮುಖ ಯಾಕೆ ಹಂಗೇ ಬಿಟ್ಟೆ? ಟೈಮ್ ಸಾಲಲಿಲ್ವ?”

“ಅದನ್ನೂ ಒರೆಸಿಬಿಟ್ರೆ ಆಕೆಗೆ ಬೇರೆ ಕೆಲಸ ಇಲ್ಲ ಸಾರ್,” ಎಂದಳು ದುರ್ಗಾಂಬಿಕಾ. “ಆಮೇಲೆ ಅಳಬೇಕಲ್ಲ.”

ಓಬಳೇಶ್ ಹೊರಗೆ ಹೋಗಿ ತಾವು ತಂದಿದ್ದ ಲಗೇಜ್ ಆಟೊದಿಂದ ಹಗ್ಗ ತಂದರು.

ಚಿತ್ರವನ್ನು ಕಟ್ಟುತ್ತಿರುವಾಗ ಜಂಪಣ್ಣ ಅಡುಗೆಮನೆಯಿಂದ ನಾಲ್ಕು ಲೋಟ ಚಾ ತಂದ. ಮೊದಲ ಲೋಟ ಹೆಂಡತಿಗೆ ಕೊಟ್ಟ. ಸಕ್ಕರೆ ಜಾಸ್ತಿಯಾಗಿತ್ತು, ಅವಳು ಪೂರ್ತಿ ಕುಡಿದಳು.

“ನೋಡ್ರೀ ಮೇಷ್ಟ್ರೇ,” ಎಂದಳು ಚೌಡಕ್ಕ, “ರಾವಣ ಎದ್ದು ಚಾ ಮಾಡ್ಯಾನೆ.”